ದೃಷ್ಟಿದೋಷ ಎಂದು ಕೇಳಿದೆವು

ಮಕ್ಕಳ ಕಣ್ಣಿನ ಸಂಶೋಧನೆಗೆ ಹೊಸದಾಗಿ ಸೇರಿದವರು ನನ್ನನ್ನು ನೋಡಲು ಬಂದರೆ ಮೊದಲು ಯಂತ್ರಗಳ ಸುದ್ದಿ ತೆಗೆಯುತ್ತಾರೆ. ಈಗ ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾ ಕೂಸಿನ ಕಣ್ಣಿನ ಹಿಂಬದಿಯ ಚಿತ್ರ ತೆಗೆಯುತ್ತದೆ, ಕಂಪ್ಯೂಟರ್ ಅದನ್ನು ನೋಡಿ ತೊಂದರೆ ಇದೆಯೋ ಇಲ್ಲವೋ ಹೇಳಿಬಿಡುತ್ತದೆ. ನಿಮ್ಮ ಕಾಲದಲ್ಲಿ ಏನಿತ್ತು ಮೇಡಂ ಎಂದು ಕೇಳುತ್ತಾರೆ. ಟಾರ್ಚ್ ಇತ್ತು, ಗೋಡೆಗೆ ನೇತುಹಾಕುವ ಚಾರ್ಟ್ ಇತ್ತು, ಅಚ್ಚು ಹಾಕಿಸಿದ ಪ್ರಶ್ನೆಗಳಿದ್ದವು ಎನ್ನುತ್ತೇನೆ. ಮೊದಲಿನೆರಡನ್ನು ಕೇಳಿ ಅವರಿಗೆ ನಗು ಬರುತ್ತದೆ. ಮೂರನೆಯದರ ಬಗ್ಗೆ ಯಾರೂ ಕೇಳುವುದಿಲ್ಲ. ನನಗೆ ಹೇಳಬೇಕಾಗಿರುವುದು ಅದರದೇ ಕಥೆ.

ನಾನು ಕಣ್ಣಿನ ಡಾಕ್ಟರು. ಆದರೆ ಆಪರೇಶನ್ ಮಾಡಿದ್ದಕ್ಕಿಂತ ಊರೂರು ತಿರುಗಿದ್ದೇ ಹೆಚ್ಚು. ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಎಷ್ಟು ಮಕ್ಕಳಿಗೆ ಕಣ್ಣು ಕಾಣುವುದಿಲ್ಲ, ಯಾಕೆ ಕಾಣುವುದಿಲ್ಲ, ಅದರಲ್ಲಿ ಎಷ್ಟನ್ನು ತಪ್ಪಿಸಬಹುದಿತ್ತು ಎಂದು ತಿಳಿಯುವುದು ನಮ್ಮ ಸಂಸ್ಥೆಯ ಕೆಲಸ. ಯಾವಾಗ ಯಾವ ಕುರ್ಚಿಗೆ ಏರಿದೆ ಎಂಬುದನ್ನು ಬರೆಯುವುದಿಲ್ಲ. ಕುರ್ಚಿ ಏರಿದಷ್ಟೂ ಓಣಿ ದೂರವಾಯಿತು, ಅಷ್ಟೇ.

ನಗುವ ಮಾತನ್ನು ಮೊದಲು ಹೇಳಿ ಮುಗಿಸುತ್ತೇನೆ. ಓದು ಬಾರದ ಮಕ್ಕಳಿಗೆ ನಾವು ಬಳಸುತ್ತಿದ್ದ ಚಾರ್ಟಿನಲ್ಲಿ ಇಂಗ್ಲಿಷಿನ ಒಂದೇ ಅಕ್ಷರ, 'ಈ', ನಾಲ್ಕು ದಿಕ್ಕಿಗೆ ತಿರುಗಿ ನಿಂತಿರುತ್ತಿತ್ತು. ಮಕ್ಕಳು ಅದಕ್ಕೆ ಬಾಚಣಿಗೆ ಎಂದು ಹೆಸರಿಟ್ಟಿದ್ದರು. ಬಾಚಣಿಗೆಯ ಹಲ್ಲು ಯಾವ ಕಡೆಗಿದೆ ಎಂದು ಅವರು ಕೈ ಮಾಡಿ ತೋರಿಸಬೇಕು. ತಾರಿಹಾಳದ ಹತ್ತಿರದ ಒಂದು ಶಾಲೆಯಲ್ಲಿ ಒಂದು ತರಗತಿಯ ಅಷ್ಟೂ ಮಕ್ಕಳು ಕೊನೆಯ ಸಾಲಿನ ಸಾಸಿವೆಯಷ್ಟು ಸಣ್ಣ ಬಾಚಣಿಗೆಯವರೆಗೆ ಪಟಪಟ ಸರಿಯಾಗಿ ತೋರಿಸಿಬಿಟ್ಟರು. ಇಂಥ ಹದ್ದಿನ ಕಣ್ಣಿನ ತರಗತಿಯನ್ನು ನಾನು ಕಂಡಿರಲಿಲ್ಲ. ಒಬ್ಬ ಹುಡುಗಿ ಮಾತ್ರ ಚಾರ್ಟ್ ಇಲ್ಲದ ಗೋಡೆಗೆ ಮುಖ ಮಾಡಿ ನಿಂತು ಎಲ್ಲವನ್ನೂ ಸರಿಯಾಗಿ ತೋರಿಸಿದಳು. ಕೇಳಿದರೆ ಗುರುಗಳು ಹಿಂದಿನ ದಿನವೇ ಚಾರ್ಟನ್ನು ಬೋರ್ಡಿನ ಮೇಲೆ ಬರೆದು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. "ಪರೀಕ್ಷಾ ಅಂದ್ರಲ್ರಿ ಬಾಯಾರ. ನಮ್ಮ ಸಾಲಿ ಹುಡುಗ್ರು ನಪಾಸ ಆದ್ರ ನಮಗ ಕೆಟ್ಟ ಹೆಸರ ಅಲ್ಲೇನ್ರಿ?" ಎಂದರು. ಪರೀಕ್ಷೆ ಎಂಬ ಶಬ್ದ ಮೇಷ್ಟ್ರ ಮುಂದೆ ಆಡಬಾರದೆಂದು ಅಂದು ಗೊತ್ತಾಯಿತು. ಮುಂದೆ ನಾವು 'ಕಣ್ಣು ನೋಡುತ್ತೇವೆ' ಎಂದಷ್ಟೇ ಹೇಳತೊಡಗಿದೆವು.

ಶಬ್ದದ ಪಾಠ ನಮಗೆ ಅಷ್ಟು ಅಗ್ಗವಾಗಿ ಸಿಕ್ಕಿದ್ದು ಅದೊಂದೇ ಸಲ.

ನಮ್ಮ ಮುಖ್ಯಸ್ಥರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಅಪ್ಪಟ ಧಾರವಾಡದವರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಹುಬ್ಬಳ್ಳಿಯವರಿಗೆ ವ್ಯಾಪಾರ ಬರುತ್ತದೆ, ಕನ್ನಡ ಬರುವುದಿಲ್ಲ ಎಂದು ಅವರು ಹೇಳಿದರೆ ಹುಬ್ಬಳ್ಳಿಯವಳಾದ ನಾನು, "ಹೌದ್ರಿ ಸರ್, ಕನ್ನಡಾ ನೀವು ಮಾರೋದಿಲ್ಲ, ನಾವು ಕೊಳ್ಳೋದಿಲ್ಲ" ಎಂದು ಛೇಡಿಸುತ್ತಿದ್ದೆ. ಅವರು ಕೆಟ್ಟವರಲ್ಲ. ಕೂಸಿನ ಕಣ್ಣಿಗೆ ಟಾರ್ಚ್ ಹಿಡಿಯುವ ಮೊದಲು ತಮ್ಮ ಅಂಗೈಗೆ ಹಿಡಿದು ಬೆಳಕು ಹೆಚ್ಚಾಯಿತೇ ಎಂದು ನೋಡಿಕೊಳ್ಳುವ ಮನುಷ್ಯ.

ಹುಟ್ಟಿದ ಕೂಸಿನಿಂದ ಹಿಡಿದು ಶಾಲೆಗೆ ಸೇರುವ ಮಕ್ಕಳವರೆಗೆ ಮನೆಮನೆ ಸಮೀಕ್ಷೆ ಮಾಡುವ ಕೆಲಸ ನಮಗೆ ಬಂದಾಗ ಪ್ರಶ್ನೆಗಳು ಇಂಗ್ಲಿಷಿನಲ್ಲಿ ಬಂದವು. ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಪ್ರಶ್ನೆಯನ್ನು ನಾನು, 'ಕೂಸಿಗೆ ಕಣ್ಣು ಸರಿಯಾಗಿ ಕಾಣುತ್ತದೆಯೇ?' ಎಂದು ಬರೆದೆ. ರಾಯರು ಕನ್ನಡಕ ಹಣೆಗೇರಿಸಿ ಓದಿದರು.

"ಇದು ಸಂತ್ಯಾಗಿನ ಮಾತಾತ್ರಿ. ಅಲ್ಲದ, ಹಡೆದಾಕಿ ಮುಂದ ನಿಂತು ನಿನ್ನ ಕೂಸಿಗೆ ಕಣ್ಣು ಕಾಣಸ್ತದೇನು ಅಂತ ಕೇಳೂದು ಛಲೋ ಅನಸೂದಿಲ್ಲ. ಆಕಿಗೆ ಎದಿ ಒಡೀತದ. 'ದೃಷ್ಟಿದೋಷ ಇದೆಯೇ' ಅಂತ ಬರೀರಿ. ಶುದ್ಧನೂ ಆತು, ಮರ್ಯಾದಿನೂ ಆತು."

ಅದರ ಕೆಳಗಿನ ಪ್ರಶ್ನೆ, 'ಇದ್ದರೆ, ಪರಿಹಾರ ಮಾಡಿಸಲಾಗಿದೆಯೇ?' ದೋಷ ಇದೆ, ಪರಿಹಾರ ಆಗಿಲ್ಲ ಎಂದು ಉತ್ತರ ಬಂದರೆ ಡಾಕ್ಟರು ಆ ಮನೆಗೆ ಹೋಗಿ ಕಣ್ಣು ನೋಡಬೇಕು. ಪರಿಹಾರ ಆಗಿದೆ ಎಂದರೆ ಮುಂದಿನ ಮನೆ. ಆ ಕೋಣೆಯಲ್ಲಿ ಕೂತಿದ್ದ ನಾವೆಲ್ಲ ತಲೆಯಾಡಿಸಿದೆವು. ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿಸಿಕೊಂಡು ಬೆಳೆದವರೇ ನಾವೆಲ್ಲ. ಪಟಪಟ ಸದ್ದು ಜೋರಾದರೆ, 'ಎಷ್ಟು ದೃಷ್ಟಿ ಆಗಿತ್ತು ನೋಡು' ಎಂದು ನಮ್ಮವ್ವ ನನ್ನ ಹಣೆ ಸವರುತ್ತಿದ್ದದ್ದು ನನಗೆ ಇಂದಿಗೂ ನೆನಪಿದೆ. ಆದರೆ ಮನೆಯ ದೃಷ್ಟಿದೋಷ ಮನೆಯಲ್ಲಿ, ಆಫೀಸಿನ ದೃಷ್ಟಿದೋಷ ಆಫೀಸಿನಲ್ಲಿ. ಎರಡೂ ಒಂದೇ ಶಬ್ದ ಎಂದು ಆ ದಿನ ಒಬ್ಬರ ತಲೆಗೂ ಹೊಳೆಯಲಿಲ್ಲ. ಕಲಿತವರು ಹಾಗೆಯೇ, ಎರಡು ಕಿವಿ ಇಟ್ಟುಕೊಂಡು ಬದುಕುತ್ತಾರೆ.

ಮನೆಮನೆಗೆ ಹೋಗಿ ಕೇಳಲು ನೇಮಿಸಿಕೊಂಡವರಲ್ಲಿ ನೂರಜಹಾನ್ ಎಂಬ ಚುರುಕು ಹುಡುಗಿಯಿದ್ದಳು. ಅವಳ ತಂದೆಯದು ದುರ್ಗದಬೈಲಿನಲ್ಲಿ ಬಳೆಯಂಗಡಿ. ಸಮೀಕ್ಷೆಯ ಮೊದಲ ಸುತ್ತು ಅರ್ಧಕ್ಕೆ ಬಂದಾಗ ಅವಳ ಕೆಲಸ ನೋಡಲೆಂದು ಅವಳ ಜೊತೆ ಅಲ್ಲಿಯ ಒಂದು ಮನೆಗೆ ಹೋದೆ. ಗಲ್ಲದ ಮೇಲೆ ಕಾಡಿಗೆಯ ಬೊಟ್ಟಿಟ್ಟ ದುಂಡನೆಯ ಕೂಸು, ಎತ್ತಿಕೊಂಡ ಅಜ್ಜಿ. ನೂರಜಹಾನ್ ಅಚ್ಚಿನಲ್ಲಿದ್ದಂತೆ ಓದಿದಳು. ಅಜ್ಜಿ ಕೂಡಲೇ, "ದೃಷ್ಟಿದೋಷಾ? ಭಾಳ ಐತ್ರಿ ಯವ್ವಾ. ಹೊರಗ ಎತ್ತಿಕೊಂಡು ಹೋಗೂದ ತಡಾ, ಯಾವುದರ ಒಂದು ಹಾಳ ಕಣ್ಣು ಬಿದ್ದಬಿಡತೈತಿ," ಎಂದರು. ಕೂಸು ಕಣ್ಣರಳಿಸಿ ನನ್ನ ಕಿವಿಯ ಓಲೆಗೆ ಕೈಹಾಕಿತು. ಅಷ್ಟು ಚೆನ್ನಾಗಿ ಕಾಣುವ ಕಣ್ಣಿಗೆ ನಮ್ಮ ಲೆಕ್ಕದಲ್ಲಿ ದೋಷ ಬಿತ್ತು.

ನಾನು ದಾರಿಯುದ್ದಕ್ಕೂ ನಕ್ಕೆ. ಬಂದು ರಾಯರಿಗೆ ಹೇಳಿದೆ. ಅವರೂ ಕಣ್ಣೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ ಕನ್ನಡಕ ಒರೆಸಿಕೊಂಡರು.

"ಸರ್, ಶಬ್ದ ಬದಲಿ ಮಾಡಿಬಿಡೋಣ್ರಿ," ಎಂದೆ.

"ಹೆಂಗ ಮಾಡಲಿಕ್ಕೆ ಬರ್ತದ? ಮೊದಲನೇ ಸುತ್ತು ಅರ್ಧಾ ಮುಗದದ. ಇನ್ನೊಂದು ಸುತ್ತು ಇದ ಪ್ರಶ್ನಿ ಹಿಡಕೊಂಡ ಹೋಗಬೇಕು. ನಡುವ ಶಬ್ದ ಬದಲಿಸಿದ್ರ ಹಿಂದಿನ ಲೆಕ್ಕಕ್ಕ ಮುಂದಿನ ಲೆಕ್ಕ ತಾಳ ಆಗೂದಿಲ್ಲ. ಹೋಗ್ಲಿ ಬಿಡ್ರಿ, ಛಲೋ ಇದ್ದ ಕೂಸಿಗೆ ದೋಷ ಅದ ಅಂತ ಬರದ್ರ ಏನಾತು? ನೀವು ಹೋಗಿ ಟಾರ್ಚ್ ಹಿಡದು ಇಲ್ಲ ಅಂತೀರಿ. ಬ್ಯಾಟರಿ ದಂಡ, ಅಷ್ಟ."

ಲೆಕ್ಕ ಸರಿಯಾಗಿಯೇ ಕಂಡಿತು. ಕೆಡುಕಿಲ್ಲದ ತಪ್ಪು, ಒಂದೇ ಕಡೆಗೆ ವಾಲುವ ತಪ್ಪು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಹಾಗೆ ನಾವು ಕಟ್ಟುತ್ತಾ ಹೋದೆವು. ಅದರ ಕೆಳಗೇ ಇದ್ದ 'ಪರಿಹಾರ' ಎಂಬ ಇನ್ನೊಂದು ಶಬ್ದದ ಮೇಲೆ ಯಾರ ಕಣ್ಣೂ ಬೀಳಲಿಲ್ಲ. ಎರಡನೆಯ ಸುತ್ತೂ ಅದೇ ಮಾತಿನಲ್ಲಿ ಮುಗಿಯಿತು. ವರದಿ ಸುಂದರವಾಗಿ ಬಂತು. ನಮ್ಮ ಕಡೆ ಮಕ್ಕಳ ದೃಷ್ಟಿದೋಷಕ್ಕೆ ಪರಿಹಾರ ಮಾಡಿಸುವ ತಾಯ್ತಂದೆಯರು ಬಹಳ ಇದ್ದಾರೆ ಎಂದು ತಿಳಿದು ಮೇಲಿನವರು ನಮ್ಮನ್ನು ಹೊಗಳಿದರು.

ಕೆಲವು ವರ್ಷಗಳ ನಂತರ ಉಣಕಲ್ಲಿನ ಶಾಲೆಯಲ್ಲಿ ಮಕ್ಕಳ ಕಣ್ಣು ನೋಡುತ್ತಿದ್ದೆವು. ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಐದು ವರ್ಷದ ಹುಡುಗಿಯ ಕೈ ಹಿಡಿದುಕೊಂಡು ಬಂದಳು. ಹೆಸರು ಗಿರಿಜವ್ವ. ಗಂಡ ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮಶೀನಿನ ಕೆಲಸಗಾರ. ಹುಡುಗಿ ಕಸ್ತೂರಿ.

"ಸಾಲ್ಯಾಗ ಸೇರಿಸಿಕೊಳ್ಳವಲ್ಲರು ಬಾಯಾರ. ಅಕ್ಷರಾ ತೋರಿಸಿದ್ರ ನೋಡೂದಿಲ್ಲ ಅಂತಾರ. ಮನ್ಯಾಗ ಎಲ್ಲಾರನ್ನೂ ಗುರ್ತ ಹಿಡೀತಾಳ್ರಿ. ನಾ ಬಂದ್ರ ನಕ್ಕೋತ ನನ್ನ ಕಡೆನ ತಿರಗತಾಳ," ಎಂದಳು.

ಹುಡುಗಿಯ ಕಣ್ಣುಗುಡ್ಡೆಗಳು ಎಲ್ಲಿಯೂ ನಿಲ್ಲದೆ ಅತ್ತಿತ್ತ ಓಲಾಡುತ್ತಿದ್ದವು. ಟಾರ್ಚ್ ಹಿಡಿದೆ. ಎರಡೂ ಕಣ್ಣಿನ ನಡುವೆ ಬೆಳ್ಳಗಿನ ಪೊರೆ, ಹುಟ್ಟಿನಿಂದಲೇ ಬಂದ ಮೋತಿಬಿಂದು. ಮುದುಕರಿಗಷ್ಟೇ ಬರುವುದೆಂದು ಜನ ತಿಳಿದಿರುವ ಈ ಪೊರೆ ಕೂಸಿಗೂ ಬರುತ್ತದೆ. ಮುದುಕರಲ್ಲಿ ತೆಗೆದರೆ ಮರುದಿನವೇ ಕಾಣುತ್ತದೆ, ಯಾಕೆಂದರೆ ಅವರಿಗೆ ನೋಡುವುದು ಹೇಗೆಂದು ಗೊತ್ತಿರುತ್ತದೆ. ಕೂಸು ನೋಡಲು ಕಲಿಯುವುದೇ ಮೊದಲ ತಿಂಗಳುಗಳಲ್ಲಿ. ಆಗ ಪೊರೆ ತೆಗೆಯದಿದ್ದರೆ ಮುಂದೆ ಎಷ್ಟು ಸೊಗಸಾಗಿ ತೆಗೆದರೂ ಕಣ್ಣು ತಿಳಿಯಾಗುತ್ತದೆ, ಮಿದುಳು ಮಾತ್ರ ಕಲಿಯುವುದಿಲ್ಲ.

ನನಗೆ ಸಿಟ್ಟು ಬಂತು. ತಡಮಾಡಿದ ತಾಯಂದಿರ ಮೇಲೆ ಬರುವ, ಡಾಕ್ಟರುಗಳ ಮಾಮೂಲಿ ಸಿಟ್ಟು.

"ಇಷ್ಟ ದಿನಾ ಯಾಕ ಬಿಟ್ಟಿ ಬೇ? ಕೂಸಿದ್ದಾಗ ಬಂದಿದ್ರ ಇದನ್ನ ತಗೀತಿದ್ವಿ."

ಗಿರಿಜವ್ವ ಕಕ್ಕಾಬಿಕ್ಕಿಯಾಗಿ ನನ್ನನ್ನು ನೋಡಿದಳು. "ಬಿಟ್ಟಿಲ್ರಿ ಬಾಯಾರ. ಮೂರ ತಿಂಗಳ ಕೂಸಿದ್ದಾಗ ನಿಮ್ಮವರ ಮನಿಗೆ ಬಂದು ಕೇಳಿದ್ರಲ್ರಿ, ದೃಷ್ಟಿದೋಷ ಐತೇನು ಅಂತ. ಕಣ್ಣಾಗ ಬೆಳ್ಳನ ಚುಕ್ಕಿ ಬಿದ್ದಿತ್ತು. ತೊಟ್ಟಿಲದಾಗ ಹಾಕಿದ ದಿನಾ ಯಾರೋ ಕಣ್ಣ ಛಂದ ಅಂದಿದ್ರು, ಅದಕ್ಕ ಆಗಿತ್ತಂತ ನಮ್ಮತ್ತಿ ಹೇಳಿದ್ರು. ಐತ್ರಿ ಅಂದೆ. ಪರಿಹಾರ ಮಾಡಿಸೀರೇನು ಅಂದ್ರು. ದೃಷ್ಟಿ ತಗಸಿದ್ವಲ್ರಿ, ಹೂಂರಿ, ಮಾಡಿಸೀವಿ ಅಂದೆ. ಹಂಗಾರ ಛಲೋ ಆತು ಅಂತ ಬರಕೊಂಡ ಹೋದ್ರು. ಮುಂದ ಇನ್ನೊಮ್ಮೆ ಬಂದಾಗೂ ಅದನ್ನ ಕೇಳಿದ್ರು, ಅದನ್ನ ಹೇಳಿದೆ. ದವಾಖಾನಿಯವರ ಛಲೋ ಆತು ಅಂದ ಮ್ಯಾಲ ಮತ್ತ ಯಾಕ ಬರೂದಂತ..."

ನಾನು ಟಾರ್ಚ್ ಆರಿಸಿದೆ. ಅವಳಿಗೆ ಆಗ ಏನನ್ನೂ ಬಿಡಿಸಿ ಹೇಳಲಿಲ್ಲ. "ಆಪರೇಶನ್ ಮಾಡೋಣ" ಎಂದಷ್ಟೇ ಹೇಳಿದೆ.

ಆಪರೇಶನ್ ಚೆನ್ನಾಗಿಯೇ ಆಯಿತು. ಬೆಳ್ಳಗಿನ ಚುಕ್ಕೆ ಹೋಗಿ ಕಪ್ಪು ಮಿಂಚುವ ಕಣ್ಣುಗಳಾದವು. ಕಸ್ತೂರಿಗೆ ಬೆಳಕು ಗೊತ್ತಾಗುತ್ತಿತ್ತು, ಎದುರಿಗೆ ಯಾರಾದರೂ ಅಡ್ಡ ಬಂದರೆ ಕತ್ತಲೆ ಸರಿದಂತೆ ತಿಳಿಯುತ್ತಿತ್ತು. ಅದಕ್ಕಿಂತ ಹೆಚ್ಚು ಬರಲಿಲ್ಲ. ವಾರ್ಡಿನಲ್ಲಿ ಗಿರಿಜವ್ವ ಪದೇ ಪದೇ, "ನನ್ನ ನೋಡತಾಳ್ರಿ, ಖರೇ ನೋಡತಾಳ" ಎನ್ನುತ್ತಿದ್ದಳು. ಸುಳ್ಳು ಭರವಸೆ ಬೆಳೆಯಬಾರದೆಂದು ನಾನು ಅವಳನ್ನು ಪಕ್ಕಕ್ಕೆ ಕರೆದು, ಅವಳು ತಿರುಗುವುದು ನಿನ್ನ ಬಳೆಗಳ ಸಪ್ಪಳಕ್ಕೆ ಎಂದು ಹೇಳಿದೆ. ಮುತ್ತೈದೆಗೆ ಬಳೆ ತೆಗೆ ಎಂದು ಹೇಳಲಾಗುವುದಿಲ್ಲ. ಅವಳೇ ಎರಡೂ ಕೈಯ ಹಸಿರು ಬಳೆಗಳ ಮೇಲೆ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡಳು. ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಹೋಗಿ ಮಗಳ ಮುಖಕ್ಕೆ ಮುಖ ಕೊಟ್ಟು ಉಸಿರು ಹಿಡಿದು ನಿಂತಳು. ಕಸ್ತೂರಿ ಕಿಟಕಿಯ ಕಡೆಗೇ ಮುಖ ಮಾಡಿ, "ಅವ್ವ ಎಲ್ಲಿ ಹೋದ್ಲ್ರಿ?" ಎಂದು ಪಕ್ಕದ ಹಾಸಿಗೆಯವರನ್ನು ಕೇಳಿದಳು. ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದೆ. ಅಷ್ಟು ವರ್ಷದ ವೃತ್ತಿಯಲ್ಲಿ ಯಾವ ಸಾವೂ ನನ್ನನ್ನು ಹಾಗೆ ಅಳಿಸಿರಲಿಲ್ಲ.

ಗಿರಿಜವ್ವನ ಮನೆಗೆ ಎರಡೂ ಸಲ ಹೋಗಿದ್ದವಳು ನೂರಜಹಾನ್. ಅವಳಿಗೆ ಹೇಳಿದೆ. "ನಮ್ಮ ಮನ್ಯಾಗ ನಾವು ನಜರ್ ಅಂತೀವ್ರಿ ಮೇಡಂ. ದೃಷ್ಟಿದೋಷ ಅಂದ್ರ ಡಾಕ್ಟರ್ ಮಾತಂತ ತಿಳಕೊಂಡಿದ್ದೆ. ಆ ಅಜ್ಜಿ ಮಾತು ಕೇಳಿದ ಮ್ಯಾಲೂ ಪರಿಹಾರ ಅಂದ್ರ ಔಷಧಾನ ಅನಕೊಂಡೆ. ಛಲೋ ಆತು ಅಂತ ನಾನ ಅಂದಿದ್ದೇನ್ರಿ ಅವರಿಗೆ," ಎಂದಳು. ಮುಂದಿನ ತಿಂಗಳು ಕೆಲಸ ಬಿಟ್ಟಳು. ಕಾರಣ ಕೇಳಿದರೆ ತಂದೆಗೆ ಅಂಗಡಿಯಲ್ಲಿ ಜೊತೆ ಬೇಕು ಎಂದಳು. ನಾನು ಒತ್ತಾಯ ಮಾಡಲಿಲ್ಲ.

ರಾಯರು ಇದನ್ನು ಕೇಳಿದ ದಿನ ಊಟದ ಡಬ್ಬಿ ತೆರೆಯಲಿಲ್ಲ. ಪರಿಹಾರ ಆಗಿದೆ ಎಂದು ನಾವು ದಾಟಿಬಂದ ಎಲ್ಲ ಮನೆಗಳಿಗೂ ಮತ್ತೆ ಹೋಗೋಣ ಎಂದರು. ಹೋದೆವು. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ ಬಿಸಿಲಲ್ಲಿ ನಮ್ಮ ಜೊತೆ ನಡೆದರು. ಹೊಸ ಪ್ರಶ್ನೆಗಳನ್ನು ಅವರೇ ಮಾಡಿದರು, ಅವರು ಸಂತೆಯ ಮಾತೆಂದು ಬೈಯುತ್ತಿದ್ದ ಕನ್ನಡದಲ್ಲೇ: "ಸಪ್ಪಳಾ ಮಾಡದ ಹತ್ತರ ಹೋದ್ರ ಕೂಸು ನಿಮ್ಮ ಮಾರಿ ನೋಡತೈತೇನು? ನೀವು ನಕ್ಕರ ನಗತೈತೇನು?" ಇಂದಿಗೂ ನಮ್ಮ ಕಡೆ ಕೂಸಿನ ಕಣ್ಣು ವಿಚಾರಿಸುವುದು ಹೀಗೆಯೇ. ರೋಗದ ಹೆಸರು ಹೇಳಿ ಕೇಳಬೇಡಿ, ಕೂಸು ಏನು ಮಾಡುತ್ತದೆಂದು ಕೇಳಿ. ಹೊಸಬರಿಗೆ ನಾನು ಕೊಡಬಲ್ಲ ಬುದ್ಧಿವಾದ ಇಷ್ಟೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಸುತ್ತಾಟದಲ್ಲಿ ಸಿಕ್ಕ ಇನ್ನೂ ಕೆಲವು ಮಕ್ಕಳಲ್ಲಿ ಕೆಲವರಿಗೆ ಕಣ್ಣು ಬಂತು. ಅವರ ಹೆಸರು ನನಗೆ ನೆನಪಿಲ್ಲ.

ನಾನು ನಿವೃತ್ತಳಾದ ಮೇಲೆ, ಹೋದ ಚಳಿಗಾಲದಲ್ಲಿ, ಕಸ್ತೂರಿ ಫೋನ್ ಮಾಡಿದಳು. ಅಂಧ ಮಕ್ಕಳ ಶಾಲೆಯಲ್ಲಿ ಓದಿ, ಪದವಿ ಮುಗಿಸಿ, ಈಗ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಪರದೆಯ ಮೇಲಿನ ಕನ್ನಡವನ್ನು ಕಂಪ್ಯೂಟರ್ ಅವಳಿಗೆ ಓದಿ ಹೇಳುತ್ತದೆ.

"ಬಾಯಾರ, ಮೊನ್ನೆ ಒಂದ ಸುತ್ತೋಲೆ ಬಂದಿತ್ರಿ. ದೃಷ್ಟಿದೋಷ ಇರುವ ನೌಕರರು ಅಂತ ಓದ್ತು ಮಶೀನು. ಮನ್ಯಾಗ ಅವ್ವನ ಮುಂದ ಹೇಳಿದೆ. ಅವ್ವ ಅಂದ್ಲು, ಅದು ನಿನಗ ಕೂಸಿದ್ದಾಗಿಂದನ ಇತ್ತವಾ, ದವಾಖಾನಿಯವರ ಬಂದು ಕೇಳಿದ್ರು, ನಾವು ತೆಗೆಸಿದ್ವಿ ಅಂತ. ನನಗ ಆಮ್ಯಾಲ ನಿದ್ದಿ ಬರಲಿಲ್ರಿ. ಅವ್ರ ಕೇಳಿದ್ದ ಬ್ಯಾರೆ, ಅವ್ವ ಹೇಳಿದ್ದ ಬ್ಯಾರೆ. ಹೌದಲ್ರಿ?"

"ಹೌದು," ಎಂದೆ.

"ಅವತ್ತ ತಿಳಿದಿದ್ರ ನನಗ ಕಾಣತಿತ್ತೇನ್ರಿ?"

ಡಾಕ್ಟರುಗಳಿಗೆ ಇಂಥ ಪ್ರಶ್ನೆಗೆ ಹತ್ತು ಅಡ್ಡದಾರಿಗಳು ಗೊತ್ತಿರುತ್ತವೆ. ನನಗೂ ಗೊತ್ತಿದ್ದವು. "ಬಹಳ ಮಟ್ಟಿಗೆ ಕಾಣತಿತ್ತವಾ," ಎಂದೆ.

"ಅವ್ವನ ಮುಂದ ಇದನ್ನ ಒಮ್ಮೆ ಹೇಳಿ ಹೋಗ್ರಿ. ನೀವು ಅವತ್ತ ಸಾಲ್ಯಾಗ, ಕೂಸಿದ್ದಾಗ ಯಾಕ ಬರಲಿಲ್ಲ ಅಂದಿದ್ರಂತ. ತಾನ ತಡಾ ಮಾಡಿ ನನ್ನ ಕಣ್ಣ ಕಳದೆ ಅಂತ ಇವತ್ತಿಗೂ ಶ್ರಾವಣ ಬಂದ್ರ ಉಪವಾಸ ಮಾಡತಾಳ್ರಿ," ಎಂದಳು.

ಹೋದೆ. ಉಣಕಲ್ ಕೆರೆಯ ಆಚೆ ಎರಡು ಕೋಣೆಯ ಮನೆ. ಗಿರಿಜವ್ವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚಾ ಕೊಟ್ಟು ಎದುರಿಗೆ ಕೂತಳು. ಕಸ್ತೂರಿ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ನಾವು ಕೇಳಿದ ದೃಷ್ಟಿದೋಷ ಯಾವುದು, ನೀನು ತಿಳಿದದ್ದು ಯಾವುದು, ನಾವು ಕೇಳಿದ ಪರಿಹಾರ ಯಾವುದು, ನೀನು ಮಾಡಿಸಿದ್ದು ಯಾವುದು, ಈ ಶಬ್ದ ಸರಿಯಿಲ್ಲವೆಂದು ನಮಗೆ ನಡುವೆ ಗೊತ್ತಾಗಿಯೂ ಯಾಕೆ ಹಾಗೇ ಉಳಿಯಿತು, ಎಲ್ಲ. ಕೊನೆಗೆ, "ನಿಂದು ತಪ್ಪಿಲ್ಲ ಗಿರಿಜವ್ವ, ನೀ ತಡಾ ಮಾಡಿಲ್ಲ" ಎಂದೆ. ಅವಳ ಎದೆ ಹಗುರಾಗುತ್ತದೆ ಎಂದು ನಾನು ನಂಬಿದ್ದೆ. ಅದಕ್ಕೇ ಬಂದಿದ್ದೆ.

ಅವಳು ನೆಲ ನೋಡುತ್ತಾ ಮೆಲ್ಲಗೆ ಹೇಳಿದಳು: "ನಂದ ತಪ್ಪ ಅಂತ ಇದ್ರ ದೇವರ ಮುಂದ ತಪ್ಪಕಾಣಿಕಿ ಇಟ್ಟು ಸಮಾಧಾನ ಮಾಡಕೋತಿದ್ದೆ ಬಾಯಾರ. ಇಷ್ಟ ವರ್ಷಾ ಹಂಗ ಮಾಡಕೊಂಡ ಬಂದೆ. ಒಂದ ಮಾತಿಗೆ ನನ್ನ ಮಗಳ ಕಣ್ಣ ಹೋತಂದ್ರ ಈಗ ಯಾರ ಮ್ಯಾಲ ಸಿಟ್ಟ ಮಾಡ್ಲಿ?"

"ನಮ್ಮ ಮ್ಯಾಲ ಮಾಡು," ಎಂದೆ.

ಅವಳು ತಲೆಯೆತ್ತಿ ನನ್ನ ಮುಖವನ್ನು ನೇರವಾಗಿ ನೋಡಿದಳು. "ಮಾಡತೇನ್ರಿ," ಎಂದಳು. ನನ್ನ ಮುಂದಿನ ಕಪ್ಪನ್ನು, ಅದರಲ್ಲಿ ಇನ್ನೂ ಅರ್ಧ ಚಾ ಇರುವಾಗಲೇ, ಎತ್ತಿಕೊಂಡು ಒಳಗೆ ಹೋದಳು.

ನಾನು ಕಾದೆ. ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು ಕುಂಕುಮ ಹಚ್ಚದೆ ಕಳಿಸುವುದಿಲ್ಲ, ಜಗಳವಾಡಿದ ಮನೆಯಲ್ಲೂ ಕಳಿಸುವುದಿಲ್ಲ. ಗಿರಿಜವ್ವ ಹೊರಗೆ ಬರಲಿಲ್ಲ. ಒಳಗೆ ನೀರು ಸುರಿಯುವ ಸದ್ದು, ಕಪ್ಪು ಬಸಿ ತಿಕ್ಕುವ ಸದ್ದು, ಅದರ ಜೊತೆ ಬಳೆಗಳ ಸದ್ದು ಕೇಳುತ್ತಿತ್ತು. ಕಸ್ತೂರಿ ಆ ಸದ್ದಿನ ಕಡೆ ಮುಖ ತಿರುಗಿಸಿ ನಿಂತಿದ್ದಳು. ನಾನು ಎದ್ದು, ಆ ಮನೆಯ ಕುಂಕುಮವಿಲ್ಲದೆ ಹೊರಗೆ ಬಂದು ಚಪ್ಪಲಿ ಮೆಟ್ಟಿದೆ.